ಚೌಡಿಕೆ, ತಂಬೂರಿ, ತುಂತುಣಿ ಪದಗಳನ್ನು ದಾಖಲಿಸುವುದು ಹೇಗೆ?

"ನಮ್ಮೂರಿನಲ್ಲಿ ಚೌಡಿಕೆ ಹಿಡಿದು ಹಾಡುವವರು ಒಬ್ಬರೇ ಉಳಿದಿದ್ದಾರೆ. ರೆಕಾರ್ಡ್ ಮಾಡಿ ಇಡಬೇಕು ಅಂತ ಆಸೆ. ಮೊಬೈಲ್ ಸಾಕಾ, ಬೇರೆ ಏನಾದರೂ ಕೊಳ್ಳಬೇಕಾ? ಆಮೇಲೆ ಆ ಫೈಲುಗಳನ್ನು ಏನು ಮಾಡಬೇಕು?" ಊರು, ವಾದ್ಯ ಬದಲಾದರೂ ಓದುಗರು ಕೇಳುವುದು ಇದನ್ನೇ. ಬಿಡಿ ಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇವೆ.

ಮೊದಲು ಒಂದು ಮಾತು. ಕನ್ನಡದಲ್ಲಿ ಜನಪದ ಗೀತೆಗಳ ಸಂಗ್ರಹಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಅಚ್ಚಾಗಿರುವುದು ಪದದ, ಅಂದರೆ ಹಾಡಿನ, ಸಾಹಿತ್ಯ ಮಾತ್ರ. ಮಟ್ಟು, ಅಂದರೆ ಹಾಡುವ ಧಾಟಿ, ಯಾವುದು, ಹಿಮ್ಮೇಳ ಎಲ್ಲಿ ಎತ್ತಿಕೊಳ್ಳುತ್ತಿತ್ತು, ಸಾಲು ಮುಗಿದಾಗ ತಂತಿ ಏನು ನುಡಿಯುತ್ತಿತ್ತು ಎಂಬುದು ಪುಸ್ತಕದೊಳಗೆ ಬರಲಿಲ್ಲ. ಇವತ್ತು ಆ ಪುಸ್ತಕ ಹಿಡಿದು ಕೂತರೆ ಹಾಡು ಓದಬಹುದು, ಹಾಡಲಾಗದು. ಹಾಗಾಗಿ ಈ ಲೇಖನದ ಗುರಿ ಒಂದೇ: ನೀವು ಮಾಡಿಟ್ಟ ದಾಖಲೆಯನ್ನು ಕೇಳಿ ಇನ್ನು ಐವತ್ತು ವರ್ಷದ ನಂತರದ ಒಬ್ಬ ಹುಡುಗಿ ಆ ಪದವನ್ನು ವಾದ್ಯದ ಸಮೇತ ಕಲಿಯುವಂತಿರಬೇಕು. ಮುಂದಿನ ಹಂತಗಳೆಲ್ಲ ಇದಕ್ಕೆ ಹೊಂದಿಸಿ ಬರೆದವು.

ಇಲ್ಲಿ ಹೇಳುತ್ತಿರುವುದು ತಂತಿವಾದ್ಯದ ಜೊತೆ ಹಾಡುವ ಪದಗಳ ಬಗ್ಗೆ. ಎಲ್ಲಮ್ಮನ ಪದಗಳ ಚೌಡಿಕೆ, ಮಂಟೇಸ್ವಾಮಿ ಪರಂಪರೆಯ ನೀಲಗಾರರ ತಂಬೂರಿ, ಗೀಗೀ ಮೇಳದ ತುಂತುಣಿ, ತತ್ವಪದಕಾರರ ಏಕತಾರಿ, ಕಿನ್ನರಿ ಜೋಗಿಗಳ ಕಿನ್ನರಿ. ಬೀಸುವ ಪದ, ಸೋಬಾನೆಯಂಥ ವಾದ್ಯವಿಲ್ಲದ ಹಾಡುಗಳಿಗೂ ಇದೇ ಕ್ರಮ ನಡೆಯುತ್ತದೆ, 6ನೇ ಹಂತ ಮಾತ್ರ ಬೇಕಾಗುವುದಿಲ್ಲ.

ಬೇಕಾಗುವ ಸಾಮಾನು

ಎರಡು ಮೈಕ್ ಇರುವ, ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದು. ಅದರಲ್ಲಿ ವೇವ್ ಕಡತ ಉಳಿಸುವ ಸೌಲಭ್ಯ ಇರಲೇಬೇಕು. ವೇವ್ ಎಂದರೆ ಧ್ವನಿಯನ್ನು ಹಿಂಡದೆ, ಇದ್ದದ್ದನ್ನು ಇದ್ದಂತೆ ಇಡುವ ಕಡತ. ಎಂಪಿ3 ಜಾಗ ಉಳಿಸಲು ಧ್ವನಿಯ ಒಂದಷ್ಟು ಭಾಗವನ್ನು ಬಿಸಾಕುತ್ತದೆ, ಬಿಸಾಕಿದ್ದು ಮತ್ತೆ ಬರುವುದಿಲ್ಲ. ಹೊಸದಾಗಿ ಕೊಳ್ಳುವುದಾದರೆ 32 ಬಿಟ್ ಫ್ಲೋಟ್ ಇರುವ ರೆಕಾರ್ಡರ್ ನೋಡಿ. ಅದರಲ್ಲಿ ದನಿಯ ಮಟ್ಟ (ಲೆವೆಲ್) ತಪ್ಪಾಗಿ ಹಾಕಿದ್ದರೂ ಆಮೇಲೆ ಸರಿಪಡಿಸಿಕೊಳ್ಳಬಹುದು.

ಇದರ ಜೊತೆಗೆ ನೆಲದಿಂದ ಅರ್ಧ ಮೀಟರ್‌ಗೂ ಇಳಿಯುವ ಸ್ಟ್ಯಾಂಡ್, ಮೈಕಿಗೆ ತೊಡಿಸುವ ತುಪ್ಪಳದ ಗಾಳಿತಡೆ, ಕಿವಿ ಮುಚ್ಚುವ ಹೆಡ್‌ಫೋನ್, 32 ಜಿಬಿಯ ಎರಡು ಮೆಮೊರಿ ಕಾರ್ಡ್, ಬದಲಿ ಬ್ಯಾಟರಿ, ಅಳತೆ ಟೇಪು, ನೋಟ್‌ಬುಕ್, ಮೊಬೈಲಿನಲ್ಲಿ ಒಂದು ಟ್ಯೂನರ್ ಆಪ್. ಟ್ಯೂನರ್ ನುಡಿದ ಸ್ವರ ಸೆಕೆಂಡಿಗೆ ಎಷ್ಟು ಕಂಪನ ಎಂದು ಹರ್ಟ್ಸ್‌ನಲ್ಲಿ ತೋರಿಸುತ್ತದೆ. ವಿಡಿಯೋಗೆ ಇನ್ನೊಂದು ಮೊಬೈಲ್ ಮತ್ತು ಅದನ್ನು ನಿಲ್ಲಿಸುವ ಟ್ರೈಪಾಡ್ ಇದ್ದರೆ ಸಾಕು.

ಮೊಬೈಲ್ ಒಂದೇ ಇದ್ದರೆ? ಹಾಡುವವರ ವಯಸ್ಸು ಎಂಬತ್ತಾಗಿದ್ದರೆ ರೆಕಾರ್ಡರ್ ಬರುವ ತನಕ ಕಾಯಬೇಡಿ, ಮೊಬೈಲಿನಲ್ಲೇ ಶುರು ಮಾಡಿ. ಆದರೆ ವೇವ್ ಉಳಿಸುವ ಆಪ್ ಹಾಕಿಕೊಳ್ಳಿ, ಏರೋಪ್ಲೇನ್ ಮೋಡ್ ಒತ್ತಿ, ಮತ್ತು "ಗದ್ದಲ ತಗ್ಗಿಸುವ" ಆಯ್ಕೆಯನ್ನು ತಪ್ಪದೆ ಆಫ್ ಮಾಡಿ. ಆ ಸೌಲಭ್ಯವನ್ನು ಫೋನ್ ಮಾತಿಗಾಗಿ ಮಾಡಿರುವುದು. ಒಂದೇ ಸಮನೆ ಕೇಳುವ ಯಾವ ಸದ್ದನ್ನೂ ಅದು ಫ್ಯಾನಿನ ಸದ್ದು ಎಂದು ತಿಳಿದು ಅಡಗಿಸುತ್ತದೆ. ಏಕತಾರಿ, ಶ್ರುತಿಯ ಕೆಲಸವೇ ಒಂದೇ ಸಮನೆ ನುಡಿಯುವುದು. ಮೊಬೈಲ್ ದಾಖಲೆಗಳಲ್ಲಿ ಹಾಡು ಕೇಳಿ ತಂತಿ ಮಾಯವಾಗಿರುವುದಕ್ಕೆ ಇದೇ ಕಾರಣ.

1. ಹೋಗುವ ಮುಂಚೆ

ಹಾಡುವವರನ್ನು ಮೊದಲ ಸಲ ಕಾಣಲು ಹೋಗುವಾಗ ರೆಕಾರ್ಡರ್ ಹೊರಗೆ ತೆಗೆಯಬೇಡಿ. ಯಾರಿಂದ ಕಲಿತರು, ಮೇಳದಲ್ಲಿ ಯಾರಿದ್ದಾರೆ, ಯಾವ ಪದಗಳು ಬರುತ್ತವೆ ಎಂದು ಕೇಳಿ ಒಂದು ಪಟ್ಟಿ ಮಾಡಿಕೊಳ್ಳಿ. ಒಬ್ಬರೇ ಇದ್ದಾಗ ನೆನಪಾಗದ ಪದ ಹಿಮ್ಮೇಳದವರು ಪಕ್ಕದಲ್ಲಿ ಕೂತರೆ ತಾನೇ ಬರುತ್ತದೆ. ಆದ್ದರಿಂದ ದಾಖಲೆಯ ದಿನ ಇಡೀ ಮೇಳ ಸೇರುವಂತೆ ನೋಡಿಕೊಳ್ಳಿ. ಹಳೆಯ ಕ್ಯಾಸೆಟ್ ಏನಾದರೂ ಮನೆಯಲ್ಲಿ ಇದೆಯೇ ಎಂದೂ ಆಗಲೇ ವಿಚಾರಿಸಿ.

ದಿನ ಗೊತ್ತು ಮಾಡುವಾಗ ಪಂಚಾಂಗ ನೋಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಎಲ್ಲಮ್ಮನ ಪದದವರು ಸವದತ್ತಿಯ ಗುಡ್ಡದಲ್ಲಿರುತ್ತಾರೆ. ಚಿಕ್ಕಲ್ಲೂರು ಜಾತ್ರೆಯ ದಿನಗಳಲ್ಲಿ ನೀಲಗಾರರು ಊರಲ್ಲಿ ಸಿಗುವುದಿಲ್ಲ. ಜಾತ್ರೆಯಲ್ಲೇ ದಾಖಲಿಸಿದರಾಯಿತು ಎಂದುಕೊಂಡರೆ, ಅಲ್ಲಿ ಎಲ್ಲ ದಿಕ್ಕಿನಲ್ಲೂ ಧ್ವನಿವರ್ಧಕ ಇರುತ್ತದೆ, ಹಾಡುವವರ ಗಂಟಲು ಕಟ್ಟಿರುತ್ತದೆ. ಜಾತ್ರೆಯ ದಾಖಲೆಗೆ ಅದರದೇ ಬೆಲೆ ಇದೆ: ಜನ ಹೇಗೆ ಕೂಡುತ್ತಾರೆ, ಎಲ್ಲಿ ಉಘೇ ಎನ್ನುತ್ತಾರೆ ಎಂಬುದು ಅಲ್ಲಿ ಮಾತ್ರ ಸಿಗುವಂಥದ್ದು. ಆದರೆ ಮಟ್ಟು ಮತ್ತು ಮಿಡಿತ, ಅಂದರೆ ತಂತಿ ಮೀಟುವ ಬಗೆ, ಕಲಿಯುವುದಕ್ಕೆ ಎರಡು ಮೂರು ವಾರ ಬಿಟ್ಟು ಮನೆಯಲ್ಲಿ ಮಾಡಿದ ದಾಖಲೆಯೇ ಬೇಕು. ಸಾಧ್ಯವಿದ್ದರೆ ಎರಡನ್ನೂ ಮಾಡಿ.

2. ಒಪ್ಪಿಗೆ ಮತ್ತು ಸಂಭಾವನೆ

ಪರಂಪರೆಯ ಪದಕ್ಕೆ ಒಬ್ಬ ಒಡೆಯನಿಲ್ಲ, ನಿಜ. ಆದರೆ ಆ ದಿನ ಅವರು ಹಾಡಿದ್ದಕ್ಕೆ ಒಡೆತನ ಅವರದೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂದೇ ಇದೆ, ಅದರ ಅವಧಿ 50 ವರ್ಷ. ಅವರ ಒಪ್ಪಿಗೆ ಇಲ್ಲದೆ ಹಾಡನ್ನು ಧ್ವನಿ ಮುದ್ರಿಸಿಕೊಂಡು ಹಂಚಿದರೆ ಅದು ಆ ಹಕ್ಕಿನ ಉಲ್ಲಂಘನೆ.

ಒಪ್ಪಿಗೆಯನ್ನು ಒಟ್ಟಾಗಿ ಕೇಳಬೇಡಿ. ನಾಲ್ಕು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿ: ಧ್ವನಿ ಮುದ್ರಿಸಿಕೊಳ್ಳಬಹುದೇ? ಒಂದು ಸಂಸ್ಥೆಯ ಸಂಗ್ರಹದಲ್ಲಿ ಇಡಬಹುದೇ? ಇಂಟರ್ನೆಟ್ಟಿಗೆ ಹಾಕಬಹುದೇ? ನಿಮ್ಮ ಹೆಸರು, ಊರು, ಫೋಟೋ ಜೊತೆಗಿರಬಹುದೇ? ಮೊದಲ ಎರಡಕ್ಕೆ ಹೌದು ಎಂದವರು ಮೂರನೆಯದಕ್ಕೆ ಬೇಡ ಎನ್ನುವುದು ಉಂಟು. ಓದು ಬರಹ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಪ್ರಶ್ನೆ ಮತ್ತು ಉತ್ತರ ಎರಡನ್ನೂ ಅವರ ಮಾತಿನಲ್ಲೇ ರೆಕಾರ್ಡ್ ಮಾಡುವುದು ಮೇಲು. ಏನಕ್ಕೆ ಒಪ್ಪಿದ್ದಾರೆ ಎಂದು ಅವರಿಗೂ ತಿಳಿದಿರುತ್ತದೆ.

ಚೌಡಿಕೆಯವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹಾಡುವವರಲ್ಲಿ ಎಲ್ಲಮ್ಮನಿಗೆ ಮುಡಿಪಾದ ಜೋಗತಿಯರು, ಜೋಗಪ್ಪಗಳು ಇರುತ್ತಾರೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿದೆ. ಹಾಡುವವರ ಬದುಕಿನ ಹಿನ್ನೆಲೆಯನ್ನು ಅವರು ತಾವಾಗಿ ಹೇಳಿದರೆ ಕೇಳಿ, ಹೇಳಿದ್ದರಲ್ಲಿ ಎಷ್ಟನ್ನು ಬರೆಯಬಹುದು ಎಂದು ಮತ್ತೆ ಕೇಳಿ. ಹೆಸರಿನ ಪಕ್ಕ ನೀವಾಗಿ ಒಂದು ಹಣೆಪಟ್ಟಿ ಅಂಟಿಸುವುದು ದಾಖಲೆಯಲ್ಲ, ಅನ್ಯಾಯ.

ಸಂಭಾವನೆ ಎಷ್ಟು ಎಂಬುದನ್ನು ಹಿಂದಿನ ದಿನವೇ ಮಾತಾಡಿ, ಹಿಮ್ಮೇಳದವರಿಗೂ ಸೇರಿಸಿ. ಒಂದು ದಿನದ ಕೂಲಿ ಬಿಟ್ಟು ಅವರು ನಿಮ್ಮೆದುರು ಕೂತಿರುತ್ತಾರೆ.

3. ಜಾಗ

ತಗಡಿನ ಮನೆ ಬೇಡ, ಖಾಲಿ ಆರ್‌ಸಿಸಿ ಕೋಣೆ ಇನ್ನೂ ಬೇಡ. ಬರಿಗೋಡೆಗೆ ಬಡಿದು ವಾಪಸು ಬರುವ ಸದ್ದು ಪದದ ಅಕ್ಷರಗಳನ್ನು ಕಲಸಿಬಿಡುತ್ತದೆ. ಹಂಚಿನ ಮನೆಯ ಜಗಲಿ, ದನವಿಲ್ಲದ ಕೊಟ್ಟಿಗೆ, ಹುಲ್ಲಿನ ಬಣವೆಯ ಮಗ್ಗುಲು ಒಳ್ಳೆಯವು. ಕೋಣೆಯೇ ಗತಿ ಎಂದಾದರೆ ಗೋಡೆಗೆ ಕೌದಿ, ಕಂಬಳಿ ತೂಗುಹಾಕಿ, ನೆಲಕ್ಕೆ ಗೋಣಿ ಹಾಸಿ, ಮೇಳದವರನ್ನು ಕೋಣೆಯ ನಟ್ಟನಡುವೆ ಕೂರಿಸದೆ ಸ್ವಲ್ಪ ಪಕ್ಕಕ್ಕೆ ಕೂರಿಸಿ.

ಜಾಗ ಗೊತ್ತಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಎರಡು ನಿಮಿಷ ಸುಮ್ಮನೆ ಕೇಳಿ. ಬರಿಗಿವಿಗೆ ಬೀಳದ ಫ್ರಿಜ್ಜು, ಬೋರ್‌ವೆಲ್ ಮೋಟಾರು, ದೂರದ ಹಿಟ್ಟಿನ ಗಿರಣಿ ಆಗ ಕೇಳುತ್ತವೆ. ಹಕ್ಕಿ, ನಾಯಿ, ಮಕ್ಕಳ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಎಡೆಬಿಡದೆ ಗುಂಯ್ ಎನ್ನುವುದನ್ನು ಮಾತ್ರ ನಿಲ್ಲಿಸಿ, ಏಕೆಂದರೆ ಅದು ಶ್ರುತಿಯ ಮೇಲೆಯೇ ಕೂರುತ್ತದೆ.

4. ಮೈಕ್ ಇಡುವುದು

ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್‌ಗೆ ಹೊಂದಿಸಿ. ಒಂದು ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ, 32 ಜಿಬಿಯ ಒಂದು ಕಾರ್ಡಿನಲ್ಲಿ ಇಡೀ ರಾತ್ರಿಯ ಹಾಡು ಧಾರಾಳವಾಗಿ ಕೂರುತ್ತದೆ. ತಾನೇ ಮಟ್ಟ ಏರಿಸಿ ಇಳಿಸುವ ಆಟೋ ಆಯ್ಕೆಯನ್ನು ಆಫ್ ಮಾಡಿ. ಅದು ಆನ್ ಇದ್ದರೆ ಮುಮ್ಮೇಳ, ಅಂದರೆ ಪದ ಎತ್ತಿ ಹಾಡುವವರು, ಉಸಿರು ತೆಗೆದುಕೊಳ್ಳುವಾಗ ತಂತಿಯ ದನಿ ಉಬ್ಬುತ್ತದೆ, ಹಾಡು ಎತ್ತಿದ ಕೂಡಲೇ ಕುಗ್ಗುತ್ತದೆ. ಮಿಡಿತದ ನಿಜವಾದ ಏರಿಳಿತ ಏನಿತ್ತೋ ಆಮೇಲೆ ತಿಳಿಯುವುದೇ ಇಲ್ಲ.

ನೆಲದ ಮೇಲೆ ಕೂತು ಹಾಡುವವರಿಗೆ ಮೈಕ್ ಒಂದರಿಂದ ಒಂದೂವರೆ ಮೀಟರ್ ಎದುರಿಗೆ, ನೆಲದಿಂದ 60-70 ಸೆಂಟಿಮೀಟರ್ ಎತ್ತರದಲ್ಲಿ ಇರಲಿ. ಬಾಯಿಗೂ ವಾದ್ಯದ ಒಡಲಿಗೂ ನಡುವಿನ ಬಿಂದುವಿಗೆ ಗುರಿಯಿಡಿ. ಬಾಯಿಗೇ ಗುರಿಯಿಟ್ಟು ಹತ್ತಿರ ತಂದರೆ ದನಿ ಸ್ಪಷ್ಟವಾಗಿ ಬಂದು ವಾದ್ಯ ದೂರ ಸರಿಯುತ್ತದೆ. ಎಲ್ಲರೂ ಮಾಡುವ ತಪ್ಪು ಇದು. ಎರಡನೇ ರೆಕಾರ್ಡರ್ ಅಥವಾ ಮೊಬೈಲ್ ಇದ್ದರೆ ವಾದ್ಯದ ತೊಗಲಿನಿಂದ 25-30 ಸೆಂಟಿಮೀಟರ್ ದೂರದಲ್ಲಿ ಅದಕ್ಕೆಂದೇ ಇಡಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡು ಕಡತಗಳನ್ನೂ ಆಮೇಲೆ ಹೊಂದಿಸಬಹುದು.

ಮೇಳದಲ್ಲಿ ಅತಿ ಜೋರಿನ ವಸ್ತು ತಾಳ. ಕಂಚಿನ ತಾಳದ ಹೊಡೆತ ಎಷ್ಟೇ ಸಣ್ಣದಾಗಿ ಕಂಡರೂ ಮೈಕಿನಲ್ಲಿ ಎಲ್ಲರನ್ನೂ ನುಂಗುತ್ತದೆ. ತಾಳದವರನ್ನು ಉಳಿದವರಿಗಿಂತ ಒಂದು ಮೀಟರ್ ಹಿಂದಕ್ಕೆ ಕೂರಿಸಿ. ಆದರೆ ಮುಮ್ಮೇಳದವರ ಕಣ್ಣಿಗೆ ಅವರು ಬೀಳುತ್ತಿರಬೇಕು. ಸ್ಟ್ಯಾಂಡನ್ನು ಅವರು ಕೂತ ಹಲಗೆ, ಮಂಚದ ಮೇಲೆ ಇಡಬೇಡಿ, ಕಾಲಿನ ಗೆಜ್ಜೆ ಅದುರಿದರೆ ದಪ್ ದಪ್ ಎಂದು ಬರುತ್ತದೆ.

ಮಟ್ಟ ನೋಡಲು "ಹಲೋ ಹಲೋ" ಎನ್ನಿಸಬೇಡಿ. ಯಾವುದಾದರೂ ಪದದ ಸೊಲ್ಲನ್ನು, ಅಂದರೆ ಹಿಮ್ಮೇಳವೆಲ್ಲ ಸೇರಿ ಎತ್ತುವ ಸಾಲನ್ನು, ಪೂರಾ ದನಿಯಲ್ಲಿ ಹಾಡಿಸಿ. ಆಗ ಮೀಟರಿನ ಮುಳ್ಳು ಸೊನ್ನೆಗಿಂತ 12 ಡೆಸಿಬಲ್ ಕೆಳಗೆ ಇರಲಿ. ಕಾವೇರಿದ ಮೇಲೆ ಅವರು ಇನ್ನೂ ಏರುತ್ತಾರೆ, ಆ 12 ಡೆಸಿಬಲ್ ಅದಕ್ಕೆ ಬಿಟ್ಟ ಜಾಗ. ಸೊನ್ನೆ ಮುಟ್ಟಿದರೆ ದನಿ ಒಡೆದು ಕರಕರ ಎನ್ನುತ್ತದೆ. 24 ಬಿಟ್ ಕಡತದಲ್ಲಿ ಅದನ್ನು ಸರಿಪಡಿಸುವ ದಾರಿಯಿಲ್ಲ.

5. ಕೂಟದ ಕ್ರಮ

ರೆಕಾರ್ಡ್ ಒತ್ತಿದ ಕೂಡಲೇ ನೀವು ಮಾತಾಡಿ: ದಿನಾಂಕ, ಊರು, ತಾಲ್ಲೂಕು, ಹಾಡುವವರ ಹೆಸರು, ಯಾರ ಕೈಯಲ್ಲಿ ಯಾವ ವಾದ್ಯ. ಚೀಟಿ ಕಳೆದುಹೋಗಬಹುದು, ಕಡತದೊಳಗಿನ ಮಾತು ಎಲ್ಲಿಗೂ ಹೋಗುವುದಿಲ್ಲ.

ಆಮೇಲೆ ವಾದ್ಯವನ್ನು ಶ್ರುತಿ ಮಾಡುವುದನ್ನೂ ಮುದ್ರಿಸಿ. ಬಿಟ್ಟ ತಂತಿಯನ್ನು, ಅಂದರೆ ಬೆರಳಿಡದೆ, ಎಳೆಯದೆ ನುಡಿಸಿದ ತಂತಿಯನ್ನು, ಅರ್ಧ ನಿಮಿಷ ಹಾಡಿಲ್ಲದೆ ಮೀಟಿಸಿ. ಟ್ಯೂನರ್ ತೋರಿಸಿದ ಹರ್ಟ್ಸ್ ಬರೆದುಕೊಳ್ಳಿ. ಹಾರ್ಮೋನಿಯಂ ಬಳಕೆ ಇರುವ ಉತ್ತರ ಕರ್ನಾಟಕದ ಮೇಳದವರು "ಕಾಳಿ ಐದು", ಅಂದರೆ ಹಾರ್ಮೋನಿಯಂನ ಐದನೇ ಕಪ್ಪು ಮನೆ, ಎಂದು ಹೇಳಿದರೆ ಅದನ್ನೂ ಬರೆಯಿರಿ, ಆದರೆ ಅದೊಂದನ್ನೇ ನಂಬಬೇಡಿ. ಹಳ್ಳಿಯ ಪೆಟ್ಟಿಗೆಗಳು ಒಂದರಂತೆ ಒಂದಿರುವುದಿಲ್ಲ. ಪದ ಮುಗಿದ ಮೇಲೆ ಮತ್ತೆ ಅಳೆಯಿರಿ. ಶುರುವಿನಲ್ಲಿ 233 ಹರ್ಟ್ಸ್ ಇದ್ದದ್ದು ಕೊನೆಗೆ 226ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಅರ್ಧ ಸ್ವರಸ್ಥಾನ ಕುಸಿದಂತೆ. ಸಂಜೆಯ ತಂಪಿಗೆ ತೊಗಲು ಸಡಿಲವಾದರೆ ಹೀಗಾಗುತ್ತದೆ. ಇದು ಹಾಡುವವರ ತಪ್ಪಲ್ಲ, ದಾಖಲೆಯಲ್ಲಿ ಇರಬೇಕಾದ ಸಂಗತಿ.

ನಂತರ ಹಾಡು. ಇಲ್ಲಿ ನಿಮ್ಮ ಕೆಲಸ ಸುಮ್ಮನಿರುವುದು. "ಸ್ವಲ್ಪ ಚಿಕ್ಕದಾಗಿ ಹಾಡಿ" ಎಂಬ ಮಾತು ಮಾಡುವಷ್ಟು ಹಾನಿಯನ್ನು ಕೆಟ್ಟ ಮೈಕ್ ಕೂಡ ಮಾಡುವುದಿಲ್ಲ. ಹಾಗೆಂದರೆ ಅವರು ದೇವರ ಸ್ತುತಿ ಬಿಡುತ್ತಾರೆ, ಮರುಕಳಿಸುವ ಸಾಲು ಬಿಡುತ್ತಾರೆ, ಸಾಲು ಸಾಲಿನ ನಡುವೆ ತಂತಿ ಒಂದೇ ನುಡಿಯುವ ಜಾಗವನ್ನೂ ಬಿಡುತ್ತಾರೆ. ಕಲಿಯುವವರಿಗೆ ಬೇಕಾದದ್ದು ಅವೇ. ಸಮಯ ಕಡಿಮೆ ಇದ್ದರೆ ಪದಗಳ ಸಂಖ್ಯೆ ಕಡಿಮೆ ಮಾಡಿ, ಪದದ ಉದ್ದ ಬೇಡ. ಮಂಟೇಸ್ವಾಮಿ, ಮಾದೇಶ್ವರರಂಥ ರಾತ್ರಿ ಪೂರ್ತಿ ಹಾಡುವ ಕಾವ್ಯಗಳನ್ನು ಹಾಡುವವರೇ "ಸಾಲು"ಗಳಾಗಿ ಭಾಗ ಮಾಡಿಕೊಂಡಿರುತ್ತಾರೆ. ಒಂದು ಕೂಟಕ್ಕೆ ಒಂದು ಸಾಲು ಎಂದು ಅವರ ಜೊತೆ ಕೂತು ಗೊತ್ತು ಮಾಡಿ. ಇಂತಿಂಥ ಭಾಗವನ್ನು ಇಂಥ ಹೊತ್ತಿನಲ್ಲಿ ಹಾಡಬಾರದು ಎಂಬ ನೇಮ ಇದ್ದರೆ ಅದಕ್ಕೆ ತಲೆಬಾಗಿ, ಆ ನೇಮವನ್ನೂ ಬರೆದುಕೊಳ್ಳಿ.

ಹಾಡು ಮುಗಿದು ಚಹಾ ಆದ ಮೇಲೆ ಮೂರು ತುಣುಕು ಬೇರೆಯಾಗಿ ಮುದ್ರಿಸಿ. ಒಂದು, ಹಾಡಿಲ್ಲದೆ ಮಿಡಿತ ಮಾತ್ರ, ಮೊದಲು ನಿಧಾನವಾಗಿ, ಆಮೇಲೆ ಹಾಡುವ ವೇಗದಲ್ಲಿ. ಎರಡು, ವಾದ್ಯವಿಲ್ಲದೆ ಮೊದಲ ನಾಲ್ಕು ಸಾಲಿನ ಮಟ್ಟು. ಮೂರು, ಪದವನ್ನು ಮಾತಿನಲ್ಲಿ ಹೇಳಿಸಿ, ಅರ್ಥವಾಗದ ಶಬ್ದಗಳನ್ನು ಕೇಳಿಕೊಳ್ಳಿ. ಮಾತಿನಲ್ಲಿ ಹೇಳುವಾಗ ಹಾಡಿದ್ದಕ್ಕಿಂತ ಬೇರೆ ಪಾಠ ಬರುವುದು ಸಾಮಾನ್ಯ. ಎರಡನ್ನೂ ಇಟ್ಟುಕೊಳ್ಳಿ. ಕೊನೆಗೆ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಬರಿಯ ಜಾಗದ ಸದ್ದು ಮುದ್ರಿಸಿ. ಮುಂದೆ ಯಾರಾದರೂ ಗದ್ದಲ ಶೋಧಿಸಬೇಕೆಂದರೆ ಯಾವುದು ಗದ್ದಲ ಎಂದು ತಂತ್ರಾಂಶಕ್ಕೆ ತೋರಿಸಲು ಆ ನಿಮಿಷವೇ ಬೇಕು.

6. ವಾದ್ಯವನ್ನೇ ದಾಖಲಿಸುವುದು

ಬಹುಪಾಲು ಸಂಗ್ರಾಹಕರು ಬಿಟ್ಟುಬಿಡುವ ಹಂತ ಇದು. ಚೌಡಿಕೆಯನ್ನೇ ತೆಗೆದುಕೊಳ್ಳಿ. ಟೊಳ್ಳಾದ ಒಡಲು, ಒಂದು ಬದಿಗೆ ಬಿಗಿದ ತೊಗಲು, ತೊಗಲಿನ ನಡುವಿನಿಂದ ಹೊರಟು ಕೋಲಿನ ತುದಿಯ ಬಿರಡೆಗೆ ಸುತ್ತಿಕೊಂಡ ತಂತಿ. ಕಂಕುಳಲ್ಲಿ ಇರುಕಿಕೊಂಡು, ಕಡ್ಡಿಯಿಂದ ಮೀಟುತ್ತಾರೆ. ತಂತಿಯ ಬಿಗಿ ಹೆಚ್ಚು ಕಡಿಮೆಯಾದಾಗ ದನಿ ಜಾರುತ್ತದೆ. ಆ ಜಾರಿಕೆಯೇ ಚೌಡಿಕೆಯ ಜೀವ. ಅದು ಕಿವಿಗೆ ಕೇಳುತ್ತದೆ, ಹೇಗೆ ಬಂತು ಎಂಬುದು ಕಣ್ಣಿಗೆ ಮಾತ್ರ ತಿಳಿಯುತ್ತದೆ.

ಅಳೆಯಬೇಕಾದ್ದು: ಒಡಲಿನ ಎತ್ತರ, ಎರಡೂ ಬಾಯಿಯ ಅಡ್ಡಗಲ, ಕೋಲಿನ ಉದ್ದ, ತೊಗಲಿನಿಂದ ಬಿರಡೆಯವರೆಗೆ ತಂತಿಯ ಉದ್ದ. ಬರೆಯಬೇಕಾದ್ದು: ಒಡಲು ಯಾವ ಮರ ಅಥವಾ ಲೋಹ, ತೊಗಲು ಯಾವ ಪ್ರಾಣಿಯದು, ತಂತಿ ಉಕ್ಕಿನದೋ ನರದ್ದೋ, ಎಲ್ಲಿ ಕೊಂಡದ್ದು, ಯಾರು ಮಾಡಿದ್ದು, ತೊಗಲು ಹರಿದರೆ ಯಾರು ಬಿಗಿಯುತ್ತಾರೆ. ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ, ಹಾಡುವವರು ಇದ್ದೂ ವಾದ್ಯ ಮೂಲೆ ಸೇರುವುದು ದುರಸ್ತಿ ಮಾಡುವವರು ಇಲ್ಲದಾದಾಗ. ಭಾಗಗಳಿಗೆ ಅವರು ಹೇಳುವ ಹೆಸರುಗಳನ್ನೇ ಬರೆಯಿರಿ, ಪುಸ್ತಕದ ಹೆಸರು ಬೇಡ. ಫೋಟೋ ತೆಗೆಯುವಾಗ ವಾದ್ಯದ ಪಕ್ಕ ಒಂದು ಅಳತೆಪಟ್ಟಿ ಇಟ್ಟು ಎದುರು, ಹಿಂದೆ, ಬಗಲು, ಮೇಲೆ, ಕೆಳಗೆ, ಬಿರಡೆ, ತಂತಿ ತೊಗಲಿಗೆ ಸೇರುವ ಗಂಟು, ಇಷ್ಟನ್ನಾದರೂ ತೆಗೆಯಿರಿ.

ವಿಡಿಯೋದಲ್ಲಿ ಮುಖ ಬೇಡ, ಎರಡೂ ಕೈ ತುಂಬಿಕೊಳ್ಳಲಿ. ಸೆಕೆಂಡಿಗೆ 50 ಚೌಕಟ್ಟು (ಫ್ರೇಮ್) ಇಟ್ಟರೆ ಕಡ್ಡಿಯ ಚಲನೆ ಮಸುಕಾಗದು. ಮನೆಯ ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಿನಲ್ಲಿ 30 ಅಥವಾ 60 ಚೌಕಟ್ಟಿನಲ್ಲಿ ತೆಗೆದರೆ ಚಿತ್ರದ ಮೇಲೆ ಕಪ್ಪು ಪಟ್ಟಿ ಓಡುವುದುಂಟು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಅದಕ್ಕೆ 25 ಅಥವಾ 50 ಚೌಕಟ್ಟು, ಶಟರ್ ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗ ಹೊಂದುತ್ತದೆ. ಹಗಲಿನ ಬೆಳಕಿನಲ್ಲಿ ಈ ಗೋಜಿಲ್ಲ.

7. ಅದೇ ರಾತ್ರಿ ಮಾಡುವ ಕೆಲಸ

ಮಲಗುವ ಮುಂಚೆ ಕಾರ್ಡಿನಲ್ಲಿರುವುದನ್ನು ಲ್ಯಾಪ್‌ಟಾಪಿಗೆ, ಅಲ್ಲಿಂದ ಇನ್ನೊಂದು ಹಾರ್ಡ್ ಡಿಸ್ಕಿಗೆ ನಕಲಿಸಿ. ಊರಿಗೆ ಮರಳಿದ ಮೇಲೆ ಮೂರನೆಯ ಪ್ರತಿಯೊಂದು ಬೇರೆ ಮನೆಯಲ್ಲೋ ಕ್ಲೌಡಿನಲ್ಲೋ ಇರಲಿ. ಮೂರೂ ಆದ ಮೇಲೆ ಕಾರ್ಡ್ ಅಳಿಸಿ.

ಕಡತದ ಹೆಸರು ಅಂಕೆ ಮತ್ತು ಚಿಕ್ಕ ಗುರುತುಗಳಲ್ಲಿ ಇರಲಿ: ವರ್ಷ-ತಿಂಗಳು-ದಿನ, ಊರಿನ ಸಂಕೇತ, ಕ್ರಮಸಂಖ್ಯೆ. ಈ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇಡುವುದು ವಾಸಿ. ಕನ್ನಡ ಹೆಸರಿನ ಕಡತಗಳನ್ನು ಜಿಪ್ ಮಾಡಿ ಇನ್ನೊಂದು ಕಂಪ್ಯೂಟರಿನಲ್ಲಿ ಬಿಚ್ಚಿದರೆ ಹೆಸರು ಕೆಡುವುದುಂಟು. ಪದದ ಮೊದಲ ಸಾಲು, ಹಾಡಿದವರು, ವಾದ್ಯ, ಶ್ರುತಿ, ಒಪ್ಪಿಗೆಯ ನಾಲ್ಕು ಉತ್ತರ, ಇವೆಲ್ಲ ಒಂದು ಪಟ್ಟಿಯಲ್ಲಿ ಕನ್ನಡದಲ್ಲೇ ಇರಲಿ, ಆದರೆ ಯೂನಿಕೋಡ್‌ನಲ್ಲಿ. ಹಳೆಯ ನುಡಿ, ಬರಹದ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಅಂಥ ಕಡತ ಈಗಾಗಲೇ ಇದ್ದರೆ ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ಪರೀಕ್ಷಿಸಿ. ಪರಿವರ್ತಕಗಳು ಎಡವುವುದು ಅಲ್ಲೇ.

ಮೂಲ ಕಡತವನ್ನು ಎಂದೂ ತಿದ್ದಬೇಡಿ. ಕತ್ತರಿಸುವುದು, ಮಟ್ಟ ಏರಿಸುವುದು ಎಲ್ಲ ನಕಲಿನ ಮೇಲೆ.

8. ಪದ ಬರೆದುಕೊಳ್ಳುವುದು

ಒಂದು ಗಂಟೆಯ ಹಾಡು ಬರೆಯಲು ಹಲವು ದಿನ ಬೇಕು, ಅವಸರ ಮಾಡಬೇಡಿ. ಎಲಾನ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಚೆನ್ನ. ಧ್ವನಿಯ ಕೆಳಗೆ ಮುಮ್ಮೇಳಕ್ಕೆ ಒಂದು, ಹಿಮ್ಮೇಳಕ್ಕೆ ಒಂದು, ವಾದ್ಯಕ್ಕೆ ಒಂದು ಎಂದು ಬೇರೆ ಬೇರೆ ಪಟ್ಟಿಗಳನ್ನು ಅದರಲ್ಲಿ ಜೋಡಿಸಬಹುದು, ಪ್ರತಿ ಸಾಲೂ ಅದರ ಕ್ಷಣಕ್ಕೆ ಅಂಟಿಕೊಂಡಿರುತ್ತದೆ.

ಕೇಳಿದ್ದನ್ನೇ ಬರೆಯಿರಿ. ಚಾಮರಾಜನಗರದ ಕಡೆಯವರು ಹಾಲನ್ನು "ಆಲು", ಹೂವನ್ನು "ಊವು" ಎಂದರೆ ಅದೇ ಇರಲಿ. ಧಾರವಾಡದ ಕಡೆಯವರ "ಬಂದಾನ", "ಹೋಗ್ಯಾಳ" ತಿದ್ದಿ ಬಂದಿದ್ದಾನೆ, ಹೋಗಿದ್ದಾಳೆ ಮಾಡಿದರೆ ಭಾಷೆಯ ಜೊತೆಗೆ ತಾಳವೂ ಕೆಡುತ್ತದೆ, ಏಕೆಂದರೆ ಸಾಲಿನ ಅಕ್ಷರಗಳ ಲೆಕ್ಕ ಆ ರೂಪದ ಮೇಲೆಯೇ ನಿಂತಿದೆ. ಎಳೆದು ಹಾಡಿದ ಅಕ್ಷರದ ಮುಂದೆ ಎಷ್ಟು ಎಣಿಕೆ ಎಳೆದರೋ ಅಷ್ಟು ಅವಗ್ರಹ ಹಾಕಿ: "ತಾಯೀಽಽ". ಮರುಕಳಿಸಿದ ಸಾಲಿಗೆ "ಪಲ್ಲವಿಯಂತೆ" ಎಂದು ಬರೆದು ಮುಗಿಸಬೇಡಿ. ಎರಡನೇ ಸಲ ಹಾಡುವಾಗ ಒಂದು ಶಬ್ದವಾದರೂ ಬದಲಾಗಿರುತ್ತದೆ. ಕೇಳದ ಶಬ್ದಕ್ಕೆ ಚೌಕ ಆವರಣದಲ್ಲಿ ಪ್ರಶ್ನೆಚಿಹ್ನೆ ಮತ್ತು ಸಮಯ ಹಾಕಿ, ಊಹೆಯಿಂದ ತುಂಬಬೇಡಿ. ಮುಂದಿನ ಭೇಟಿಯಲ್ಲಿ ಹಾಡಿದವರನ್ನೇ ಕೇಳಬಹುದು.

ತತ್ವಪದಗಳಲ್ಲಿ ಕೊನೆಯ ನುಡಿಯ ಅಂಕಿತ, ಅಂದರೆ ಪದಕಾರರ ಮುದ್ರಿಕೆ, ಗಮನಿಸಿ. ಶಿಶುನಾಳಾಧೀಶ ಎಂದು ಬಂದರೆ ಪದ ಶಿಶುನಾಳ ಷರೀಫರದು ಎಂದು ಹಾಡುವವರು ನಂಬಿದ್ದಾರೆ ಎಂದರ್ಥ. ಬಾಯಿಂದ ಬಾಯಿಗೆ ಹೋಗುವಾಗ ಅಂಕಿತಗಳೂ ಅದಲು ಬದಲಾಗುತ್ತವೆ. ಅಚ್ಚಾದ ಪಾಠಕ್ಕೆ ಹೋಲಿಸಿ ಟಿಪ್ಪಣಿ ಬರೆಯಿರಿ, ಹಾಡಿದ್ದನ್ನು ತಿದ್ದಬೇಡಿ.

ಸ್ವರ ಬರೆಯಲು ಬರುವವರು ಬಿಟ್ಟ ತಂತಿಯನ್ನು "ಸ" ಎಂದಿಟ್ಟುಕೊಂಡು ಮೊದಲ ಎರಡು ಸಾಲು ಮತ್ತು ಸೊಲ್ಲನ್ನು ಬರೆದರೆ ಸಾಕು. ಎರಡು ಸ್ವರಗಳ ನಡುವೆ ನಿಂತ ದನಿಗೆ ಮೇಲ್ಮುಖ ಅಥವಾ ಕೆಳಮುಖ ಬಾಣ ಹಾಕಿ, ಹತ್ತಿರದ ಸ್ವರಕ್ಕೆ ದೂಡಬೇಡಿ. ರಾಗದ ಹೆಸರು ಹುಡುಕುವ ಚಟ ಬೇಡ. ಹಾಡುವವರು ಆ ಮಟ್ಟಿಗೆ ಏನೆಂದು ಕರೆಯುತ್ತಾರೆ ಎಂಬುದು ಅದಕ್ಕಿಂತ ಹೆಚ್ಚು ಬೆಲೆಯದು.

9. ಮನೆಯಲ್ಲಿ ಸಿಕ್ಕ ಹಳೆಯ ಕ್ಯಾಸೆಟ್‌ಗಳು

ಸಿಕ್ಕ ಕೂಡಲೇ ಹಾಕಿ ಕೇಳಬೇಡಿ. ಮೊದಲು ಹಿಂಬದಿಯ ಅಂಚಿನ ಎರಡು ಪ್ಲಾಸ್ಟಿಕ್ ನಾಲಗೆಗಳನ್ನು ಮುರಿಯಿರಿ, ಆಗ ತಪ್ಪಿ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಪ್ಲೇಯರಿಗೆ ಹಾಕಿದರೆ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ, ಬೇರೆ ಚೀಲದಲ್ಲಿಟ್ಟು ಅನುಭವಿಗಳಿಗೆ ಕೊಡಿ. ಸರಿಯಿದ್ದವನ್ನು ಒಂದು ಸಲ ಮಾಮೂಲು ವೇಗದಲ್ಲಿ ಕೊನೆಯವರೆಗೆ ಓಡಿಸಿ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪನ್ನು ವೇಗವಾಗಿ ಸುತ್ತಿದರೆ ಹರಿಯುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ಟೇಪು 60 ನಿಮಿಷದ್ದಕ್ಕಿಂತ ತೆಳು, ಅದಕ್ಕೆ ಹೆಚ್ಚು ಜೋಪಾನ ಬೇಕು.

ಪ್ರತಿ ಕ್ಯಾಸೆಟ್ಟಿಗೂ ಮುಂಚೆ ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ದನಿ ಕಂಬಳಿಯೊಳಗಿಂದ ಬಂದಂತಿದ್ದರೆ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ತಾಳದ ಸದ್ದು ಚುರುಕಾಗುವ ತನಕ ಕೂದಲೆಳೆಯಷ್ಟು ತಿರುಗಿಸಿ. ಹೆಡ್ಡಿನ ಕೋನ ಮುದ್ರಿಸಿದ ಯಂತ್ರದಲ್ಲಿದ್ದಂತೆ ಆದಾಗ ಮೇಲಿನ ದನಿಗಳು ಬಿಚ್ಚಿಕೊಳ್ಳುತ್ತವೆ. ಕಂಪ್ಯೂಟರಿಗೆ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ತೆಗೆದುಕೊಳ್ಳಿ.

ಗಂಡಸರ ದನಿ ಹೆಂಗಸರ ದನಿಯಂತೆ ಕೇಳಿ, ಹಾಡು ಓಡಿದಂತಿದ್ದರೆ ಮುದ್ರಿಸುವಾಗ ಬ್ಯಾಟರಿ ಸೊರಗಿತ್ತು ಎಂದು ತಿಳಿಯಿರಿ. ಆಗ ಟೇಪು ನಿಧಾನವಾಗಿ ಓಡಿದ್ದರಿಂದ ಈಗ ಸರಿಯಾದ ವೇಗದಲ್ಲಿ ನುಡಿಸಿದರೆ ಎಲ್ಲವೂ ಮೇಲೇರುತ್ತದೆ. ಅಂಥ ಕ್ಯಾಸೆಟ್ಟಿನಿಂದ ಶ್ರುತಿ ಅಳೆಯಬೇಡಿ. ಆ ಹಾಡುಗಾರರೋ ಅವರ ಶಿಷ್ಯರೋ ಸಿಕ್ಕಿದರೆ ಅವರ ವಾದ್ಯದ ಶ್ರುತಿಗೆ ಹೋಲಿಸಿ ನಕಲನ್ನು ಸರಿಪಡಿಸಬಹುದು. ಬ್ಯಾಟರಿ ಹೋಗಹೋಗುತ್ತಾ ಇಳಿಯುವುದರಿಂದ ಕ್ಯಾಸೆಟ್ಟಿನ ಶುರುವಿಗೊಂದು, ಕೊನೆಗೊಂದು ತಿದ್ದುಪಡಿ ಬೇಕಾದೀತು.

10. ಮರಳಿಸುವುದು, ಒಪ್ಪಿಸುವುದು

ಮೊದಲ ಪ್ರತಿ ಹಾಡಿದವರಿಗೆ ಹೋಗಬೇಕು, ಅದೂ ಅವರು ಕೇಳಬಲ್ಲ ರೂಪದಲ್ಲಿ. ವೇವ್ ಕಡತದ ಪೆನ್ ಡ್ರೈವ್ ಕೊಟ್ಟರೆ ಅದು ಗೂಡು ಸೇರುತ್ತದೆ. ಕೀಪ್ಯಾಡ್ ಫೋನಿನಲ್ಲಿ ಹಾಡುವ ಮೆಮೊರಿ ಕಾರ್ಡಿಗೆ ಎಂಪಿ3 ಮಾಡಿ, ಪದಕ್ಕೊಂದು ಕಡತದಂತೆ ಹಾಕಿ, ಅಲ್ಲೇ ನುಡಿಸಿ ತೋರಿಸಿ ಬನ್ನಿ. ಹಿಮ್ಮೇಳದ ಪ್ರತಿಯೊಬ್ಬರಿಗೂ ಒಂದೊಂದು.

ಇಂಟರ್ನೆಟ್ಟಿಗೆ ಏರಿಸಿದರೆ ಕಾಪಾಡಿದಂತಾಯಿತು ಎಂದುಕೊಳ್ಳಬೇಡಿ. ವಿಡಿಯೋ ತಾಣಗಳು ಹಿಂಡಿದ ಪ್ರತಿಯನ್ನೇ ಕೇಳಿಸುತ್ತವೆ. ಅದೇ ಪರಂಪರೆಯ ಪದವನ್ನು ಹಿಂದೆ ಕ್ಯಾಸೆಟ್ ಮಾಡಿದ್ದ ಕಂಪನಿಯ ಹೆಸರಿನಲ್ಲಿ ನಿಮ್ಮ ದಾಖಲೆಯ ಮೇಲೆ ಹಕ್ಕಿನ ತಕರಾರು ತಾನಾಗಿ ಬೀಳುವುದೂ ಇದೆ. ಹಾಗೆ ಬಂದರೆ ಒಪ್ಪಿಕೊಂಡು ಸುಮ್ಮನಾಗಬೇಡಿ. ಮುದ್ರಿಸಿದ್ದು ನೀವು, ಹಾಡಿದವರ ಒಪ್ಪಿಗೆ ನಿಮ್ಮಲ್ಲಿದೆ ಎಂದು ಆಕ್ಷೇಪಣೆ ಸಲ್ಲಿಸಿ. 2ನೇ ಹಂತದ ಧ್ವನಿಮುದ್ರಿತ ಒಪ್ಪಿಗೆ ಇಲ್ಲಿ ನೆರವಿಗೆ ಬರುತ್ತದೆ.

ದೀರ್ಘಕಾಲ ಉಳಿಯಬೇಕಾದರೆ ಒಂದು ಸಂಗ್ರಹಾಲಯಕ್ಕೆ ಒಪ್ಪಿಸಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ನಮ್ಮಲ್ಲಿವೆ. ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ಸಂಗ್ರಹಾಲಯವಿದೆ, 1982ರಿಂದ ಇದೇ ಕೆಲಸದಲ್ಲಿರುವುದು. ಕೊಡುವ ಮುಂಚೆ ಮೂರು ವಿಷಯ ಬರಹದಲ್ಲಿ ಕೇಳಿ ಪಡೆಯಿರಿ: ಯಾರು ಕೇಳಬಹುದು, ಯಾರ ಅನುಮತಿಯಿಂದ ಪ್ರಕಟಿಸಬಹುದು, ಹಾಡಿದವರ ಮಕ್ಕಳು ನಾಳೆ ಬಂದು ಕೇಳಿದರೆ ಪ್ರತಿ ಸಿಗುತ್ತದೆಯೇ. ಮೂರನೆಯದಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ ಬೇರೆ ಸಂಸ್ಥೆ ನೋಡಿ. ಕೊಡುವಾಗ ಧ್ವನಿಯ ಜೊತೆ ಪಟ್ಟಿ, ಬರೆದ ಪದ, ವಾದ್ಯದ ಅಳತೆ, ಫೋಟೋ, ವಿಡಿಯೋ ಎಲ್ಲ ಒಂದೇ ಕಡತಕೋಶದಲ್ಲಿ ಹೋಗಲಿ, ಅದರೊಳಗೆ ಏನೇನಿದೆ ಎಂಬ ಒಂದು ಪುಟದ ವಿವರಣೆಯೂ ಇರಲಿ.